ಮುಂದೊಂದು ಬಲ್ಬಿಟ್ಟವಳು

ನೂಲಿನ ಗಿರಣಿಯ ಹಿಂದೆ ಸಾಲು ಮನೆಗಳು. ಎರಡು ಸಂಸಾರಕ್ಕೆ ಒಂದೇ ಗೋಡೆ, ಎಂಟು ಕೊಡಕ್ಕೆ ಒಂದೇ ನಲ್ಲಿ. ಆ ಸಾಲಿನ ಕೊನೆಯಿಂದ ಮೂರನೆಯದು ವೈರ್‌ಮನ್ನನ ಮನೆ. ಹದಿನೆಂಟು ವರ್ಷ ಗಿರಣಿಯ ದೀಪಗಳನ್ನು ನೋಡಿಕೊಂಡಿದ್ದ ಆ ಮನುಷ್ಯ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವನು, ಬೂಟಿನ ದಾರ ಕಟ್ಟಲು ಬಗ್ಗಿ ಹಾಗೆಯೇ ಪಕ್ಕಕ್ಕೆ ವಾಲಿದ. ಲಕ್ವ ಹೊಡೆದಿತ್ತು. ಬಲಗೈ ಹೋಯಿತು, ಬಲಗಾಲು ಹೋಯಿತು, ಅವುಗಳ ಹಿಂದೆಯೇ ಮಾತೂ ಹೋಯಿತು.

ಗಿರಣಿಯಲ್ಲಿ ಒಂದು ಪದ್ಧತಿ ಇತ್ತು. ಕೆಲಸಗಾರ ಹಾಸಿಗೆ ಹಿಡಿದರೆ ಅವನ ಜಾಗಕ್ಕೆ ಮನೆಯವರೊಬ್ಬರು ಬರಬಹುದು. ಆದರೆ ಕೆಲಸದ ಪರೀಕ್ಷೆ ಪಾಸಾಗಬೇಕು. ಮೂರು ಸಲ ಅವಕಾಶ. ಮೂರರಲ್ಲೂ ಆಗದಿದ್ದರೆ ಜಾಗ ಬೇರೆಯವರಿಗೆ, ಗಿರಣಿ ಕೊಟ್ಟ ಮನೆಯೂ ಖಾಲಿ. ವೈರ್‌ಮನ್ನನಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿದ್ದವರು ಇಬ್ಬರೇ: ಎಪ್ಪತ್ತೆರಡರ ತಾಯಿ, ಮತ್ತು ಹೆಂಡತಿ. ಏಳನೇ ತರಗತಿ ಓದಿದ ಹೆಂಡತಿ ಮನೆಯಲ್ಲೇ ಕೂತು ಅಂಗಿಗಳಿಗೆ ಕಾಜಾ ತೆಗೆದು ಗುಂಡಿ ಹೊಲಿಯುವವಳು. ಸ್ವಿಚ್ಚು ಹಾಕುವುದು, ಆರಿಸುವುದು, ಕರೆಂಟಿನ ವಿಷಯದಲ್ಲಿ ಅವಳಿಗೆ ಗೊತ್ತಿದ್ದದ್ದು ಅಷ್ಟೆ.

ಗಿರಣಿಯ ಎಲೆಕ್ಟ್ರಿಕಲ್ ಫೋರ್‌ಮನ್ ಕೆಟ್ಟವನೇನಲ್ಲ. ಹೆಸರು ಬರೆಸಲು ಹೋದಾಗ ಕನ್ನಡಕದ ಮೇಲಿಂದ ಅವಳನ್ನು ನೋಡಿ, "ನೀನೇ ಬರ್ತೀಯೇನಮ್ಮಾ? ಏಣಿ ಹತ್ತಬೇಕಾಗುತ್ತೆ," ಎಂದ.

"ಹತ್ತುತೀನಿ ಸಾರ್."

"ಸರಿ. ಸೀರೀಸ್ ಅಂದ್ರೇನು, ಪ್ಯಾರಲಲ್ ಅಂದ್ರೇನು, ಅಷ್ಟು ತಿಳ್ಕೊಂಡು ಬಾ. ಮಿಕ್ಕಿದ್ದನ್ನ ಕೆಲಸವೇ ಕಲಿಸುತ್ತೆ. ಮನೇಲಿ ಗುರು ಇದಾನಲ್ಲ, ಕೇಳ್ಕೋ."

ಮುಳುಗುವವರಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ಹೌದಲ್ಲ, ಗುರು ಮನೆಯಲ್ಲೇ ಇದ್ದಾರೆ! ಅವರ ಮಾತು ಹೋಗಿರಬಹುದು. ಆದರೆ ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಊಟ ಮಾಡ್ತೀರಾ ಅಂದರೆ ತಲೆಯಾಡಿಸುತ್ತಾರೆ, ಮಲಗ್ತೀರಾ ಅಂದರೆ ತಲೆಯಾಡಿಸುತ್ತಾರೆ. ಹೌದು ಅನ್ನಲು ಬರುವ ಗುರು ಸಾಲದೇ? ದೇವರು ಒಂದು ಬಾಗಿಲು ಮುಚ್ಚಿ ಕಿಟಕಿಯನ್ನಾದರೂ ಬಿಟ್ಟಿದ್ದಾನೆ ಅಂದುಕೊಂಡಳು.

ಅವರ ಚೀಲದಿಂದ ಎರಡು ಹೋಲ್ಡರ್, ಎರಡು ಬಲ್ಬು, ಒಂದಿಷ್ಟು ವೈರು ತೆಗೆದಳು. ಗುಂಡಿ ಪೋಣಿಸುವ ಕೈ ಅವಳದು. ಒಂದೇ ದಾರ, ಆ ದಾರದಲ್ಲಿ ಒಂದರ ಹಿಂದೊಂದು ಗುಂಡಿ. ಬಲ್ಬುಗಳನ್ನೂ ಹಾಗೆಯೇ ಪೋಣಿಸಿದಳು. ವೈರು ಒಂದು ಬಲ್ಬಿಗೆ ಹೋಗಿ, ಅಲ್ಲಿಂದ ಹೊರಟು ಇನ್ನೊಂದಕ್ಕೆ ಹೋಗಿ, ಅಲ್ಲಿಂದ ವಾಪಸ್ಸು. ಪ್ಲಗ್ ಚುಚ್ಚಿದಳು. ಎರಡೂ ಉರಿದವು, ಮಂಕಾಗಿ, ಹಣ್ಣಾದ ಕಿತ್ತಳೆಯ ಬಣ್ಣದಲ್ಲಿ. ಸಾಲು ಮನೆಗಳಲ್ಲಿ ಸಂಜೆಯಾದರೆ ಕರೆಂಟು ಯಾವಾಗಲೂ ಸೋತೇ ಬರುವುದು. ಅದಕ್ಕೇ ಹೀಗೆ ಅಂದುಕೊಂಡಳು.

"ರೀ, ಇದು ಸರಿಯಾ?"

ಅವರು ಬಲ್ಬುಗಳನ್ನು ನೋಡಿದರು. ತಲೆಯಾಡಿಸಿದರು.

ಅವಳ ಕಣ್ಣು ತುಂಬಿ ಬಂತು. ಇಷ್ಟು ಸುಲಭವಾ!

ಮೊದಲ ಪರೀಕ್ಷೆಯಲ್ಲಿ ಫೋರ್‌ಮನ್ ಕೊಟ್ಟದ್ದು ಅದೇ ಕೆಲಸ: ಒಂದು ಹಲಗೆ, ಎರಡು ದೀಪ, ಎರಡೂ ಪೂರ್ತಿ ಉರಿಯಬೇಕು. ಕಾಲು ಗಂಟೆಯಲ್ಲಿ ಪೋಣಿಸಿ ಕೊಟ್ಟಳು. ಅವನು ಮೇನ್ ಹಾಕಿದ. ಗಿರಣಿಯ ಕರೆಂಟು ಸೋತು ಬರುವುದಿಲ್ಲ. ಆದರೂ ದೀಪಗಳು ಮಂಕು.

"ಏನಮ್ಮಾ ಇದು, ದೀಪಾನೋ, ಆರೋಕೆ ಬಂದ ಕೆಂಡಾನೋ?" ಒಂದು ಬಲ್ಬನ್ನು ತಿರುಗಿಸಿ ತೆಗೆದ. ಇನ್ನೊಂದೂ ಆರಿಹೋಯಿತು. "ನೋಡು. ಒಬ್ಬ ಸತ್ರೆ ಇನ್ನೊಬ್ಬನೂ ಸಾಯ್ತಾನೆ. ಇದು ಸೀರೀಸ್. ಶೆಡ್ಡಲ್ಲಿ ನಲವತ್ತು ದೀಪ ಹೀಗೆ ಹಾಕಿದ್ರೆ, ಒಂದು ಸುಟ್ಟ ದಿನ ಎಲ್ಲರೂ ಕತ್ತಲೇಲಿ ಕೈ ಹುಡುಕ್ಕೋಬೇಕು. ನಿಮ್ಮೆಜಮಾನ್ರು ಹೇಳ್ಲಿಲ್ವಾ?"

ಸರಿ ಅಂದರು ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಗಂಡನನ್ನು ಬಿಟ್ಟುಕೊಡುವ ಹೆಂಗಸಲ್ಲ ಅವಳು. "ನಾನೇ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ ಸಾರ್," ಅಂದಳು.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೂತಿದ್ದರು. ಅತ್ತೆಯ ನಾಲಗೆ ಚೂಪು, ಕರುಳು ಮೆತ್ತಗೆ.

"ಆಯ್ತೇನೇ?"

"ಇಲ್ಲ ಅತ್ತೆ."

"ಇನ್ಮೇಲೆ ಈ ಮನೆಯೊಳಗೆ ಕರೆಂಟ್ ಹಚ್ಚಿ ಆಟ ಆಡಕೂಡದು, ಹೇಳಿದೀನಿ. ಒಬ್ಬ ಬಿದ್ದಿರೋದು ಸಾಕು. ನೀನೂ ಸೆಟೆದು ಬಿದ್ರೆ ನಮ್ಮಿಬ್ಬರಿಗೆ ನೀರು ಕೊಡೋರು ಯಾರು? ನಾನು ಕೊಡ್ಲಾ? ನನಗೇ ಇನ್ನೊಬ್ಬರು ಕೊಡಬೇಕು."

ಹಾಗಾಗಿ ಎರಡನೆಯ ಸಲ ಕಲಿತದ್ದು ಕರೆಂಟಿಲ್ಲದೆ. ಒಂದು ಮಣೆಯ ಮೇಲೆ ಸಣ್ಣ ಮೊಳೆಗಳನ್ನು ಹೊಡೆದು, ಕಪ್ಪು ದಾರವನ್ನೇ ವೈರು ಮಾಡಿ, ಬಿಳಿ ಗುಂಡಿಗಳನ್ನು ಬಲ್ಬು ಮಾಡಿ, ಒಂದು ಕೆಂಪು ಗುಂಡಿಯನ್ನು ಸ್ವಿಚ್ಚು ಮಾಡಿಕೊಂಡಳು. ಪ್ಯಾರಲಲ್ ಅಂದರೆ ಏಣಿಯ ಹಾಗೆ ಎಂದು ಪಕ್ಕದ ಮನೆಯವರ ಹಳೆಯ ವಿಜ್ಞಾನದ ಪುಸ್ತಕದಲ್ಲಿತ್ತು. ಎರಡು ಉದ್ದದ ದಾರ, ನಡುವೆ ಮೆಟ್ಟಿಲಿನಂತೆ ಒಂದೊಂದು ಬಲ್ಬು. ಅಷ್ಟು ಅರ್ಥವಾಯಿತು. ಹಾಗಾದರೆ ಸ್ವಿಚ್ಚು? ಅದೂ ಒಂದು ಮೆಟ್ಟಿಲೇ ಇರಬೇಕೆಂದು ಕೆಂಪು ಗುಂಡಿಯನ್ನೂ ನಡುವೆ ಅಡ್ಡಲಾಗಿ ಕಟ್ಟಿದಳು.

ಮಣೆಯನ್ನು ಗಂಡನ ಎದೆಯ ಹತ್ತಿರ ಹಿಡಿದು, "ಈ ಸಲ ನಿಧಾನವಾಗಿ ನೋಡಿ ಹೇಳಿ. ಸ್ವಿಚ್ಚು ಇಲ್ಲೇ ಬರೋದಾ?" ಎಂದಳು.

ಅವರು ಬಹಳ ಹೊತ್ತು ನೋಡಿದರು. ತಲೆಯಾಡಿಸಿದರು.

ಎರಡನೆಯ ಪರೀಕ್ಷೆಯ ದಿನ ಅವಳು ಕಟ್ಟಿದ ಹಲಗೆಗೆ ಫೋರ್‌ಮನ್ ಮೇನ್ ಹಾಕಿದ ಕೂಡಲೇ ಎರಡು ದೀಪಗಳೂ ಧಗ್ಗನೆ ಉರಿದವು. ಕಣ್ಣು ಕೋರೈಸುವ ಬೆಳಕು. ಅವಳ ಜೀವ ಹೂವಾಯಿತು. ಫೋರ್‌ಮನ್ ಮಾತ್ರ ಹುಬ್ಬು ಗಂಟಿಕ್ಕಿದ. "ಸ್ವಿಚ್ ಹಾಕದೇನೇ ಉರೀತಿದೆಯಲ್ಲಮ್ಮಾ?"

"ಆರಿಸ್ತೀನಿ ಸಾರ್," ಎಂದು ಕೈ ಚಾಚಿದಳು.

"ಏ, ಮುಟ್ಟಬೇ—"

ಸ್ವಿಚ್ಚು ಒತ್ತಿಯಾಗಿತ್ತು. ಢಂ ಎಂದಿತು. ನೀಲಿ ಮಿಂಚು, ಸುಟ್ಟ ವಾಸನೆ, ಆಮೇಲೆ ಕತ್ತಲು. ಆ ಕೋಣೆಯೊಂದೇ ಅಲ್ಲ, ಪಕ್ಕದ ನೂಲು ಸುತ್ತುವ ಶೆಡ್ಡೂ ಕತ್ತಲು. ಕದಿರುಗಳು ನಿಂತ ಮೌನದಲ್ಲಿ ನೂರು ಜನರ ಗೊಣಗಾಟ ಕೇಳಿಸಿತು. ಫೋರ್‌ಮನ್ ಟಾರ್ಚ್ ಹಚ್ಚಿ ಮೊದಲು ಅವಳ ಬೆರಳುಗಳನ್ನು ನೋಡಿದ, ಆಮೇಲೆ ಹಲಗೆಯನ್ನು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಸ್ವಿಚ್ಚು ದಾರಿಯೊಳಗೆ ಇರಬೇಕಮ್ಮಾ, ದಾರಿಗೆ ಅಡ್ಡ ಅಲ್ಲ. ಅಡ್ಡ ಇಟ್ಟು ಒತ್ತಿದ್ರೆ ಕರೆಂಟಿಗೆ ಯಾವ ತಡೆಯೂ ಇಲ್ಲ, ಸೀದಾ ನುಗ್ಗುತ್ತೆ. ಇನ್ನೊಂದೇ ಸಲ ಉಳಿದಿದೆ. ಇಪ್ಪತ್ತು ದಿನ."

ಸಂಜೆ ನಲ್ಲಿಯ ಹತ್ತಿರ ಹೋಗುವಷ್ಟರಲ್ಲಿ ಹೆಸರು ಇಟ್ಟಾಗಿತ್ತು. "ಕರೆಂಟಕ್ಕ ಬಂದ್ಲು, ದಾರಿ ಬಿಡ್ರಮ್ಮ! ಕೊಡ ಮುಟ್ಟಿದ್ರೆ ನೀರೂ ಶಾಕ್ ಹೊಡೀತದೆ!" ನಕ್ಕವರು ದುಷ್ಟರೇನಲ್ಲ. ಅವರ ಮನೆಯವರು ಆ ಹೊತ್ತು ಕತ್ತಲಲ್ಲಿ ನಿಂತು ಬಂದವರು, ಅಷ್ಟೆ. ಅವಳೂ ನಗಲು ನೋಡಿದಳು. ಕೊಡ ತುಂಬುವ ತನಕ ನಕ್ಕಂತೆ ತುಟಿ ಹಿಡಿದುಕೊಂಡಿದ್ದು ಮನೆಯೊಳಗೆ ಬಂದು ಇಳಿಸಿದಳು, ಕೊಡವನ್ನೂ, ತುಟಿಯನ್ನೂ.

ಆ ಮೇಲಿನ ಮೂರು ದಿನ ಅವಳು ಏನನ್ನೂ ಮುಟ್ಟಲಿಲ್ಲ. ಗುಂಡಿ ಹೊಲಿದಳು, ಗಂಡನಿಗೆ ಉಣಿಸಿದಳು, ಮಗ್ಗುಲು ತಿರುಗಿಸಿದಳು. ನಾಲ್ಕನೆಯ ದಿನ ಮಧ್ಯಾಹ್ನ ಅತ್ತೆ ಮಲಗಿದ್ದರು. ಉಣಿಸುತ್ತಿದ್ದ ಅವಳ ಕೈ ನಡುವೆ ನಿಂತಿತು. ಏನೋ ಒಂದು ಅನುಮಾನ. ಕೈಯಲ್ಲಿದ್ದ ಚಮಚವನ್ನು ಎತ್ತಿ ಹಿಡಿದಳು.

"ಇದು ಸ್ವಿಚ್ಚಾ?"

ತಲೆಯಾಡಿಸಿದರು.

ಬಾಗಿಲ ಹತ್ತಿರದ ಚಪ್ಪಲಿ ತಂದಳು. "ಇದು ಬಲ್ಬಾ?"

ತಲೆಯಾಡಿಸಿದರು.

"ನಾನು ಯಾರು? ನಿಮ್ಮ ಅಮ್ಮಾನಾ?"

ತಲೆಯಾಡಿಸಿದರು. ಅದೇ ನಿಧಾನ, ಅದೇ ಗಾಂಭೀರ್ಯ, ಕೆಲಸದಲ್ಲಿ ನುರಿತವನು ಯೋಚಿಸಿ ಒಪ್ಪಿಕೊಂಡ ಹಾಗೆ.

ಅವಳಿಗೆ ನಗು ಬಂತು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ. ಎರಡು ಪರೀಕ್ಷೆ ಹೋದದ್ದಕ್ಕಲ್ಲ ಆ ಅಳು. ಈ ಆರು ತಿಂಗಳಲ್ಲಿ ಅವಳು ಈ ತಲೆಗೆ ಏನೇನು ಹೇಳಿಕೊಂಡಿರಲಿಲ್ಲ! ನಾನಿದೀನಿ ರೀ, ಹೆದರಬೇಡಿ ಅಂದಿದ್ದಳು, ತಲೆಯಾಡಿಸಿದ್ದರು. ನನ್ನ ಮೇಲೆ ಬೇಜಾರಿಲ್ಲ ತಾನೇ ಅಂದಿದ್ದಳು, ತಲೆಯಾಡಿಸಿದ್ದರು. ಆ ಒಂದೊಂದು ತಲೆಯಾಟವನ್ನೂ ಗಂಟು ಕಟ್ಟಿಕೊಂಡು ಅದರ ಮೇಲೆ ಬದುಕಿದ್ದಳು. ಈಗ ಗಂಟು ಬಿಚ್ಚಿದರೆ ಬರೀ ಗಾಳಿ.

"ಯಾಕ್ರೀ ಹಿಂಗೆ ಮಾಡಿದ್ರಿ?" ಎಂದು ಅವರ ಭುಜ ಹಿಡಿದು ಅಲುಗಾಡಿಸಿದಳು. "ಗೊತ್ತಿಲ್ಲ ಅಂದ್ರೆ ಸುಮ್ಮನಾದ್ರೂ ಇರಬಾರದಾ? ನನ್ನನ್ನ ಎರಡು ಸಲ ನಡುಬೀದೀಲಿ ನಿಲ್ಲಿಸಿದ್ರಲ್ಲ!"

ಗಂಡನ ಎಡಗಣ್ಣಿನಿಂದ ನೀರು ಇಳಿಯಿತು. ಅಂದರೆ ಏನೋ ಒಂದು ಒಳಗೆ ಮುಟ್ಟುತ್ತಿದೆ. ಹಾಗೆ ಮುಟ್ಟಿದ್ದು ಹೊರಗೆ ಬರುವ ದಾರಿ ಮಾತ್ರ ಎಲ್ಲೋ ಕತ್ತರಿಸಿದೆ. ಅವಳು ಕೈ ತೆಗೆದು, ತನ್ನ ಸೆರಗಿನಿಂದ ಮೊದಲು ಅವರ ಕಣ್ಣು ಒರೆಸಿ, ಆಮೇಲೆ ತನ್ನದು ಒರೆಸಿಕೊಂಡಳು.

ಗದ್ದಲಕ್ಕೆ ಎಚ್ಚರವಾಗಿ ಅತ್ತೆ ಎದ್ದು ಕೂತಿದ್ದರು. ಅವಳು ಅತ್ತೆಯ ಕಡೆ ತಿರುಗಿಯೂ ನೋಡದೆ, "ಅತ್ತೆ, ನಾನು ಕರೆಂಟು ಹಚ್ಚೇ ಕಲೀಬೇಕು. ಸತ್ರೆ ಸಾಯ್ತೀನಿ," ಅಂದಳು.

"ಸಾಯೋದಾದ್ರೆ ನನ್ನ ನಂತರ ಸಾಯಿ. ಕಾಲಿಗೆ ರಬ್ಬರ್ ಚಪ್ಪಲಿ ಹಾಕ್ಕೋ," ಎಂದರು ಅತ್ತೆ.

ಅವಳು ಗಂಡನ ಚೀಲವನ್ನು ನೆಲದ ಮೇಲೆ ಸುರಿದಳು. ಇಕ್ಕಳ, ಸ್ಕ್ರೂಡ್ರೈವರ್, ಟೇಪು, ಮತ್ತು ತಳದಲ್ಲಿ ಒಂದು ಅಂಗೈ ಅಗಲದ ಹಲಗೆ. ಅದರ ಮೇಲೆ ಒಂದೇ ಬಲ್ಬು. ಒಂದು ಕಡೆ ಪ್ಲಗ್ಗಿನ ವೈರು, ಇನ್ನೊಂದು ಕಡೆ ಎರಡು ಬಿಡಿ ವೈರುಗಳು, ಅವುಗಳ ತುದಿಗೆ ಪ್ಲಾಸ್ಟಿಕ್ ಹಿಡಿಯ ಕ್ಲಿಪ್ಪು. ಪ್ಲಗ್ ಚುಚ್ಚಿದಳು. ಬಲ್ಬು ಉರಿಯಲಿಲ್ಲ. ಇದೂ ಕೆಟ್ಟಿದೆ ಎಂದು ಬಿಸಾಕಲು ಹೊರಟಾಗ ಮಂಚದಿಂದ ಎಡಗೈ ಚಾಚಿಕೊಂಡು ಬಂತು. ಗಂಡನ ಎಡಗೈ. ಅದು ಕ್ಲಿಪ್ಪೊಂದರ ಹಿಡಿಯನ್ನು ಹಿಡಿದು ಇನ್ನೊಂದರ ತುದಿಗೆ ತಾಗಿಸಿತು. ಬಲ್ಬು ಪೂರ್ತಿ ಉರಿಯಿತು. ಬಿಡಿಸಿತು, ಆರಿತು. ತಾಗಿಸಿತು, ಉರಿಯಿತು.

ತಾಗಿಸಿದರೆ ಢಂ ಅನ್ನಬೇಕಿತ್ತಲ್ಲ? ಅನ್ನಲಿಲ್ಲ. ಫೋರ್‌ಮನ್ ಹೇಳಿದ್ದು ನೆನಪಾಯಿತು: ತಡೆ ಇಲ್ಲದಿದ್ದರೆ ಸೀದಾ ನುಗ್ಗುತ್ತದೆ. ಇಲ್ಲಿ ತಡೆ ಇದೆ. ಈ ಬಲ್ಬೇ ತಡೆ. ಎಲ್ಲ ಕರೆಂಟೂ ಮೊದಲು ಇದರ ಮೈಯಲ್ಲಿ ಹಾದು ಬರಬೇಕು. ಅಂದರೆ ಇದು ಅವಳು ಪೋಣಿಸಿದ ಹಾಗೆಯೇ, ಒಂದರ ಹಿಂದೊಂದು! ಯಾವುದನ್ನು ತಪ್ಪು ಅಂದಿದ್ದರೋ ಅದನ್ನೇ ಈ ಮನುಷ್ಯ ಹದಿನೆಂಟು ವರ್ಷ ಕಾವಲಿಗೆ ಇಟ್ಟುಕೊಂಡಿದ್ದ. ಏನನ್ನೇ ಪರೀಕ್ಷೆ ಮಾಡಲಿ, ಅದರ ಮುಂದೆ ಈ ಬಲ್ಬು. ಕಟ್ಟಿದ್ದರಲ್ಲಿ ತಪ್ಪಿದ್ದರೆ ಇದು ಪೂರ್ತಿ ಉರಿದು ಹೇಳುತ್ತದೆ, ಫ್ಯೂಸು ಹಾರುವುದಿಲ್ಲ, ಯಾರೂ ಕತ್ತಲಲ್ಲಿ ನಿಲ್ಲುವುದಿಲ್ಲ.

ಗಂಡನಿಗೆ ಹೇಳಿದಳು: "ಇನ್ನು ನಿಮ್ಮನ್ನ ಕೇಳಲ್ಲ. ಇದನ್ನೇ ಕೇಳ್ತೀನಿ."

ಬಲ್ಬು ಅವಳ ಮನಸ್ಸು ನೋಯಿಸಬಾರದೆಂದು ತಲೆಯಾಡಿಸುವುದಿಲ್ಲ. ಎಷ್ಟು ಸಲ ತಪ್ಪು ಕಟ್ಟಿದರೂ ಅಷ್ಟೂ ಸಲ ತಪ್ಪೆಂದೇ ಹೇಳಿತು. ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. ಬೆರಳ ತುದಿಗಳು ವೈರು ಸುಲಿದು ಸುಲಿದು ಬಿರುಕು ಬಿಟ್ಟವು. ಹೊಲಿಯಬೇಕಾದ ಅಂಗಿಗಳು ಮೂಲೆಯಲ್ಲಿ ರಾಶಿಯಾದವು. ಕೆಲವು ಮಧ್ಯಾಹ್ನ ಏನೂ ತಲೆಗೆ ಹತ್ತದೆ, ದೇವರೇ ನನ್ನ ಬುದ್ಧಿಗೂ ಲಕ್ವ ಹೊಡೆಸಿದೆಯಾ ಎಂದು ಗೋಡೆಗೆ ಹಣೆಯಿಟ್ಟು ಕೂರುತ್ತಿದ್ದಳು. ದೇವರು ಉತ್ತರ ಕೊಡಲಿಲ್ಲ. ತಲೆಯನ್ನೂ ಆಡಿಸಲಿಲ್ಲ, ಅದು ಒಳ್ಳೆಯದೇ ಆಯಿತು. ಸ್ವಲ್ಪ ಹೊತ್ತಿಗೆ ಎದ್ದು ಮತ್ತೆ ವೈರು ಸುಲಿಯುತ್ತಿದ್ದಳು.

ಒಂದು ದಿನ ದೊಡ್ಡ ನೂರು ಕ್ಯಾಂಡಲ್ ಬಲ್ಬನ್ನೂ ಮಲಗುವಾಗ ಹಚ್ಚುವ ಝೀರೋ ಬಲ್ಬನ್ನೂ ಒಂದೇ ಸಾಲಿನಲ್ಲಿ ಪೋಣಿಸಿದಳು. ಝೀರೋ ಬಲ್ಬು ಚೆನ್ನಾಗಿ ಉರಿಯಿತು, ದೊಡ್ಡದು ಸತ್ತಂತೆ ಇತ್ತು. ದೊಡ್ಡದು ಸುಟ್ಟಿದೆ ಎಂದು ತೆಗೆದು ಬೇರೆಯಾಗಿ ಹಚ್ಚಿದರೆ ಅದು ಕೋಣೆ ತುಂಬ ಉರಿಯುತ್ತದೆ. ಮತ್ತೆ ಪೋಣಿಸಿದರೆ ಮತ್ತೆ ಸಾವು. ಎರಡು ದಿನ ಅದರ ಮುಂದೆಯೇ ಕೂತಳು. ಜಾಗ ಅದಲು ಬದಲು ಮಾಡಿದಳು. ಮುಂದೆ ಯಾವುದಿದ್ದರೂ ಅಷ್ಟೆ.

ಅತ್ತೆ ಇದನ್ನು ನೋಡಿ, "ದೊಡ್ಡೋನು ಆರಾಮಾಗಿದಾನೆ, ಚಿಕ್ಕೋನು ಮೈ ಬೆವರು ಸುರಿಸ್ತಿದಾನೆ. ಇದೇನು ಹೊಸದೇನೇ? ನಮ್ಮ ಕಡೆ ತಿರುಗಿಯೂ ನೋಡದ ನಿನ್ನ ಭಾವಂದಿರನ್ನ ಕಂಡಿಲ್ವಾ?" ಎಂದರು.

ಅವಳು ತಿಂಗಳುಗಳ ನಂತರ ನಿಜವಾಗಿ ನಕ್ಕಳು. ನಗುತ್ತಲೇ ಒಂದು ಸಂಗತಿ ಹೊಳೆದು ಮತ್ತೆ ಆ ಎರಡು ಬಲ್ಬುಗಳ ಮುಂದೆ ಬಗ್ಗಿದಳು.

ಮೂರನೆಯ ಪರೀಕ್ಷೆಯ ಬೆಳಿಗ್ಗೆ ಎರಡು ಗೋಣಿಚೀಲಗಳಲ್ಲಿ ಪಾತ್ರೆ ತುಂಬಿಸಿಟ್ಟು ಹೋದಳು. ಆಗದಿದ್ದರೆ ಮನೆ ಖಾಲಿ ಮಾಡಲು ಮತ್ತೆ ಕೈ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಖಾಲಿ ಮಾಡಿ ಹೋಗುವುದೆಲ್ಲಿಗೆ, ಮಂಚದ ಮೇಲಿರುವವರನ್ನು ಯಾವ ಬಾಗಿಲಿಗೆ ಹೊತ್ತು ಒಯ್ಯುವುದು, ಅದನ್ನು ಮಾತ್ರ ಯೋಚಿಸಲಿಲ್ಲ. ಯೋಚಿಸಿದ್ದರೆ ಹೊಸಿಲು ದಾಟುತ್ತಿರಲಿಲ್ಲ.

ಫೋರ್‌ಮನ್ ಹಲಗೆ ಕೊಟ್ಟ. ಎರಡು ದೀಪ, ಎರಡಕ್ಕೂ ಬೇರೆ ಬೇರೆ ಸ್ವಿಚ್ಚು, ಪಕ್ಕದಲ್ಲಿ ಸ್ವಿಚ್ಚಿಲ್ಲದ ಒಂದು ಸಾಕೆಟ್ಟು. ಅರ್ಧ ಗಂಟೆ. ಅವಳು ಇಪ್ಪತ್ತು ನಿಮಿಷದಲ್ಲಿ ಕಟ್ಟಿದಳು. ಫೋರ್‌ಮನ್ ಮೇನ್ ಕಡೆ ಕೈ ಮಾಡಿದಾಗ, "ಸಾರ್, ಒಂದ್ನಿಮಿಷ," ಎಂದು ಸೆರಗಿನ ಮರೆಯಿಂದ ಅಂಗೈ ಅಗಲದ ಹಲಗೆ ತೆಗೆದಳು. "ಮೊದಲು ಇದನ್ನ ಮುಂದೆ ಹಾಕಿ ನೋಡ್ಕೋಬಹುದಾ?"

ಫೋರ್‌ಮನ್ ಹಲಗೆಯನ್ನು ತಿರುಗಿಸಿ ಹಿಂಬದಿ ನೋಡಿದ. ಅಲ್ಲಿಯ ವೈರಿನ ಗಂಟನ್ನು ಹೆಬ್ಬೆರಳಿನಿಂದ ಸವರಿದ. "ಇದು ಅವನ ಕೈಕೆಲಸ," ಎಂದಷ್ಟೇ ಹೇಳಿ ವಾಪಸ್ ಕೊಟ್ಟ. "ಹಾಕ್ಕೋ. ಟೈಮ್ ಮಾತ್ರ ನಿಲ್ಲಲ್ಲ."

ಅವಳು ಹಾಕಿದಳು. ಎರಡು ಸ್ವಿಚ್ಚೂ ಆರಿವೆ. ಬಲ್ಬು ಆರಿರಬೇಕಿತ್ತು. ಆದರೆ ಅದು ಪೂರ್ತಿ ಉರಿಯಿತು.

ಎಲ್ಲೋ ಎರಡು ವೈರು ತಾಗಿವೆ. ಎಲ್ಲಿ? ಗೋಡೆಯ ಗಡಿಯಾರದ ಮುಳ್ಳು ಏಳು ನಿಮಿಷ ಬಾಕಿ ಎಂದಿತು. ಪ್ಲಗ್ ಕಿತ್ತು ಮೊದಲ ಹೋಲ್ಡರ್ ಬಿಚ್ಚಿದಳು, ಸರಿಯಾಗಿದೆ. ಎರಡನೆಯದು, ಸರಿಯಾಗಿದೆ. ಬೆವರು ಕಣ್ಣಿಗಿಳಿದು ಸ್ಕ್ರೂ ಕಾಣದಾಯಿತು. ಸ್ಕ್ರೂಡ್ರೈವರ್ ಜಾರಿ ಬೆರಳಿಗೆ ಚುಚ್ಚಿತು. ದೇವರೇ ಅನ್ನಲೂ ಹೊತ್ತಿಲ್ಲ. ಕೈ ನಿಲ್ಲಿಸಿ ಒಂದು ಗಳಿಗೆ ಕಣ್ಣು ಮುಚ್ಚಿದಳು. ಸ್ವಿಚ್ಚು ಆರಿದ್ದರೂ ಉರಿಯಿತು ಅಂದರೆ ತಪ್ಪು ಸ್ವಿಚ್ಚಿನ ಆಚೆ ಇಲ್ಲ. ಸ್ವಿಚ್ಚಿನ ಹಂಗಿಲ್ಲದ್ದು ಇಲ್ಲಿ ಯಾವುದು? ಸಾಕೆಟ್ಟು. ಅದನ್ನು ಬಿಚ್ಚಿದಳು. ಕೂದಲಿನಷ್ಟು ತೆಳುವಾದ ತಾಮ್ರದ ಒಂದು ಎಳೆ ಗಂಟಿನಿಂದ ಹೊರಗೆ ಬಂದು ಪಕ್ಕದ ತಿರುಪಿಗೆ ಒರಗಿಕೊಂಡಿತ್ತು.

ಗುಂಡಿ ಹೊಲಿಯುವವರಿಗೆ ಎಳೆ ಹೊಸದಲ್ಲ. ಬೆರಳಿನಿಂದ ಹುರಿ ಮಾಡಿ ಒಳಗೆ ಸೇರಿಸಿ ಬಿಗಿದಳು. ಮತ್ತೆ ಪ್ಲಗ್. ಬಲ್ಬು ಆರಿಯೇ ಇತ್ತು. ಒಂದು ಸ್ವಿಚ್ಚು ಒತ್ತಿದಾಗ ಕಾವಲಿನ ಬಲ್ಬೂ ಹಲಗೆಯ ದೀಪವೂ ಮಂಕಾಗಿ ಉರಿದವು, ಇರಬೇಕಾದ ಹಾಗೆಯೇ. ಅವಳು ಮುಂದೆ ಹಾಕಿದ್ದ ಬಲ್ಬನ್ನು ತೆಗೆದು ಫೋರ್‌ಮನ್ ಕಡೆ ನೋಡಿದಳು. ಅವನು ಮೇನ್ ಹಾಕಿದ. ಒಂದು ಸ್ವಿಚ್ಚು, ಒಂದು ದೀಪ. ಇನ್ನೊಂದು ಸ್ವಿಚ್ಚು, ಇನ್ನೊಂದು ದೀಪ. ಒಂದನ್ನು ಆರಿಸಿದರೂ ಇನ್ನೊಂದು ತನ್ನ ಪಾಡಿಗೆ ತಾನು ಪೂರ್ತಿ ಉರಿಯುತ್ತಿತ್ತು.

"ಬಾಯಿ ಪರೀಕ್ಷೆ ಒಂದಿದೆ," ಎಂದ ಫೋರ್‌ಮನ್. "ನೂರರದ್ದು ಒಂದು, ಝೀರೋದು ಒಂದು. ಎರಡನ್ನೂ ಸೀರೀಸಲ್ಲಿ ಹಾಕ್ತೀನಿ. ಯಾವುದು ಜೋರಾಗಿ ಉರಿಯುತ್ತೆ?"

"ಸಣ್ಣದು ಸಾರ್."

ಅವನು ಪೆನ್ನು ಕೆಳಗಿಟ್ಟ. "ಹೋದ ವರ್ಷ ಬಂದ ಡಿಪ್ಲೊಮಾದವನು ದೊಡ್ಡದು ಅಂದಿದ್ದ. ಯಾಕೆ ಸಣ್ಣದು?"

ಅವಳಿಗೆ ಸೂತ್ರ ಗೊತ್ತಿರಲಿಲ್ಲ. "ಸಣ್ಣದರ ಗಂಟಲು ಕಿರಿದು ಸಾರ್. ಎರಡರಲ್ಲೂ ಅಷ್ಟೇ ಕರೆಂಟು ಹೋಗಬೇಕು, ಬೇರೆ ದಾರಿ ಇಲ್ಲ. ದೊಡ್ಡದರಲ್ಲಿ ಸಲೀಸಾಗಿ ದಾಟುತ್ತೆ, ಅಲ್ಲಿ ಏನೂ ಖರ್ಚಾಗಲ್ಲ. ಕಿರಿದಾದ ಕಡೆ ನೂಕಿಕೊಂಡು ಹೋಗಬೇಕು. ಎಲ್ಲ ಕಷ್ಟ ಅಲ್ಲೇ, ಅದಕ್ಕೆ ಬೆಂಕಿಯೂ ಅಲ್ಲೇ."

ಫೋರ್‌ಮನ್ ರಿಜಿಸ್ಟರನ್ನು ಅವಳ ಕಡೆ ತಿರುಗಿಸಿದ. "ನಾಳೆ ಬೆಳಿಗ್ಗೆ ಆರಕ್ಕೆ ಮೊದಲ ಪಾಳಿ. ಇಲ್ಲಿ ಸಹಿ ಹಾಕು."

ಪೆನ್ನು ಹಿಡಿದಳು. ಅಷ್ಟು ಹೊತ್ತೂ ಸುಮ್ಮನಿದ್ದ ಕೈ ಈಗ ಗಡಗಡ ನಡುಗಿ, ಹೆಸರು ಗೀರುಗಳಾಗಿ ಗೆರೆಯಿಂದ ಕೆಳಗೆ ಬಿತ್ತು.

"ಕೈ ಹೀಗೆ ನಡುಗಿದ್ರೆ ಏಣಿ ಮೇಲೆ ಹೇಗಮ್ಮಾ?"

"ಏಣಿ ಮೇಲೆ ನಡುಗಲ್ಲ ಸಾರ್," ಅಂದಳು. "ಅಲ್ಲಿ ಹಿಡ್ಕೊಳ್ಳೋಕೆ ಏನಾದ್ರೂ ಇರುತ್ತಲ್ಲ."

ಹೊರಗೆ ಬಂದು ಉಗ್ರಾಣದ ಮೆಟ್ಟಿಲ ಮೇಲೆ ಕೂತಳು. ಉಗ್ರಾಣದವನು ಏಣಿ ಹತ್ತುವಾಗ ಸೊಂಟಕ್ಕೆ ಕಟ್ಟುವ ಚರ್ಮದ ಪಟ್ಟಿಯೊಂದನ್ನು ತಂದು ಅವಳ ಪಕ್ಕ ಇಟ್ಟ. ಗಂಡಸರ ಅಳತೆಯದು. ಅವಳ ಸೊಂಟಕ್ಕೆ ಎರಡು ಸುತ್ತು ಬರುವಂತಿತ್ತು. ಅವನು ಮೊಳೆ, ಸುತ್ತಿಗೆ ತಂದು, "ಎಲ್ಲಿ ತೂತು ಹಾಕ್ಲಕ್ಕಾ?" ಎಂದು ಕೇಳಿದ. ಅವಳು ಪಟ್ಟಿಯನ್ನು ಸೊಂಟಕ್ಕೆ ಬಿಗಿಯಾಗಿ ಎಳೆದು, ಬೆರಳಿಟ್ಟು ತೋರಿಸಿದಳು.